ಮಂಡ್ಯದಿಂದ ಹೊರದೇಶಕ್ಕೆ ಇಂಗ್ಲಿಷ್ ಕಲಿಸಲು ಹೋಗಬೇಕು, ತಯಾರಿ ಎಲ್ಲಿಂದ ಶುರು ಮಾಡಲಿ?

ನೀವು ಬರೆದಿರುವುದು ಇಷ್ಟು: ಊರು ಮಂಡ್ಯದ ಹತ್ತಿರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಆಮೇಲೆ ಮೈಸೂರಿನಲ್ಲಿ ಎಂ.ಎ. ಇಂಗ್ಲಿಷ್, ಬಿ.ಎಡ್. ಈಗ ಖಾಸಗಿ ಹೈಸ್ಕೂಲಿನಲ್ಲಿ ಟೀಚರ್. ಮುಂದಿನ ವರ್ಷ ಹೊರಗೆ ಹೋಗುವ ಆಸೆ, ಅದಕ್ಕೆ ಈಗಲೇ ಒಂದು ಆನ್‌ಲೈನ್ ಟೆಫೆಲ್ ಕೋರ್ಸಿಗೆ, ಅಂದರೆ ಇಂಗ್ಲಿಷ್ ಬೇರೆ ಭಾಷೆಯಾಗಿರುವವರಿಗೆ ಅದನ್ನು ಕಲಿಸುವ ತರಬೇತಿಗೆ, ದುಡ್ಡು ಕಟ್ಟಲೇ ಅಂತ ಕೇಳಿದ್ದೀರಿ. ಅಲ್ಲಿ ಊಟಕ್ಕೇನು ಮಾಡುವುದು, ಮನೆಯವರು ಮದುವೆ ಮಾತು ತೆಗೆಯುತ್ತಾರೆ ಅಂತಲೂ ಬರೆದಿದ್ದೀರಿ.

ಈಗಲೇ ಕಟ್ಟಬೇಡಿ. ಎಮ್ಮೆ ನೋಡುವ ಮೊದಲೇ ಹಗ್ಗ ಕೊಂಡ ಹಾಗಾಗುತ್ತದೆ.

ನಾನೂ ಈ ಕಡೆಯವನೇ, ಮೈಸೂರು ಯೂನಿವರ್ಸಿಟಿಯಲ್ಲೇ ಓದಿದವನು. ಥಾಯ್ಲೆಂಡಿನ ಒಂದು ಸಣ್ಣ ಊರಿನ ಶಾಲೆಯಲ್ಲಿ ಕೆಲವು ವರ್ಷ ಕಲಿಸಿ ಬಂದಿದ್ದೇನೆ. ಯೂಟ್ಯೂಬಿನಲ್ಲಿ ಈ ವಿಷಯದ ಬಗ್ಗೆ ಮಾತಾಡುವವರು ಬಹುಪಾಲು ಅಮೆರಿಕ, ಇಂಗ್ಲೆಂಡಿನವರು. ಮೊದಲು ಕೋರ್ಸ್, ಆಮೇಲೆ ಇಷ್ಟವಾದ ದೇಶ, ಕೊನೆಗೆ ಕಾಗದಪತ್ರ ಅಂತ ಹೇಳುತ್ತಾರೆ. ಅವರ ಪಾಸ್‌ಪೋರ್ಟಿಗೆ ಅದು ಸರಿ. ನಮಗೆ ಉಲ್ಟಾ. ಮೊದಲು ನಮ್ಮ ಪಾಸ್‌ಪೋರ್ಟಿಗೆ ಯಾವ ದೇಶ ಬಾಗಿಲು ತೆರೆಯುತ್ತದೆ ನೋಡಬೇಕು. ಆ ದೇಶ ಕೇಳುವ ಕಾಗದ ಹೊಂದಿಸಬೇಕು. ಕೋರ್ಸಿನ ಮಾತು ಆಮೇಲೆ.

ದಕ್ಷಿಣ ಕೊರಿಯಾ ಎಲ್ಲರ ಬಾಯಲ್ಲೂ ಇದೆ, ಸಂಬಳ ಚೆನ್ನಾಗಿದೆ ಅಂತ. ಅಲ್ಲಿ ಭಾಷೆ ಕಲಿಸುವವರಿಗೆ ಕೊಡುವ ಇ-2 ವೀಸಾ ಇಂಗ್ಲಿಷಿಗೆ ಮಾಮೂಲಿಯಾಗಿ ಏಳು ದೇಶದವರಿಗೆ ಮಾತ್ರ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ವ್ಯಾಪಾರ ಒಪ್ಪಂದದಲ್ಲಿ, ಇಂಗ್ಲಿಷ್ ಪದವಿ ಮತ್ತು ಶಿಕ್ಷಕ ಅರ್ಹತೆ ಇರುವ ಭಾರತೀಯರು ಸರ್ಕಾರಿ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಲು ಒಂದು ಅವಕಾಶ ಇಟ್ಟಿದ್ದಾರೆ. ಕಾಗದದ ಮೇಲೆ ನೀವು ಅದಕ್ಕೆ ಸರಿಹೊಂದುತ್ತೀರಿ. ಆದರೆ ಬಾಗಿಲು ಬಹಳ ಕಿರಿದು. ಅದನ್ನೇ ನಂಬಿ ಕೂರಬೇಡಿ.

ಜಪಾನಿನದು ಬೇರೆ ತರಹದ ತೊಡಕು. ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಕನಿಷ್ಠ 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿರಬೇಕು ಅನ್ನುತ್ತಾರೆ. ನೀವು ಹತ್ತರವರೆಗೆ ಕನ್ನಡದಲ್ಲಿ ಓದಿದವರು. ಪಿಯುಸಿಯಿಂದ ಬಿ.ಎಡ್.ವರೆಗೆ ಕೂಡಿದರೂ 12 ಆಗುವುದಿಲ್ಲ. ಬೇಜಾರಿನ ಮಾತೇ, ಆದರೆ ಈಗಲೇ ಗೊತ್ತಾದರೆ ಒಳ್ಳೆಯದು ಅಲ್ವಾ?

ಉಳಿಯುವುದು ನಿಜವಾಗಿ ಎರಡು ದಾರಿ. ಒಂದು, ಗಲ್ಫ್ ಮತ್ತು ಮಾಲ್ಡೀವ್ಸ್. ಗಲ್ಫ್‌ನಲ್ಲಿ ನಮ್ಮವರ ಸಿಬಿಎಸ್‌ಇ ಶಾಲೆಗಳು ಬೇಕಾದಷ್ಟಿವೆ, ಮಾಲ್ಡೀವ್ಸ್‌ನ ಶಾಲೆಗಳಲ್ಲೂ ಭಾರತದ ಟೀಚರುಗಳು ಬಹಳ ಕಾಲದಿಂದ ಇದ್ದಾರೆ. ಇಲ್ಲಿ ನಿಮ್ಮ ಬಿ.ಎಡ್.ಗೆ ಬೆಲೆ ಇದೆ, ಟೆಫೆಲ್ ಅನ್ನು ಕೇಳುವವರು ಕಡಿಮೆ. ಆದರೆ ಗಲ್ಫ್‌ನ ಇಂಥ ಶಾಲೆಯಲ್ಲಿ ಮಂಡ್ಯದಲ್ಲಿ ಕಲಿಸುವ ಥರದ್ದೇ ಪುಸ್ತಕವನ್ನು ಎಸಿ ರೂಮಿನಲ್ಲಿ ಕಲಿಸುತ್ತೀರಿ, ಅಷ್ಟೇ. ದುಡ್ಡು ಉಳಿಸುವುದೇ ಗುರಿಯಾದರೆ ನಾನು ಈ ದಾರಿಯನ್ನೇ ಹೇಳುತ್ತೇನೆ.

ಇನ್ನೊಂದು ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂ ಕಡೆ. ನನಗೆ ಚೆನ್ನಾಗಿ ಗೊತ್ತಿರುವುದು ಥಾಯ್ಲೆಂಡ್. ಪದವಿ ಬೇಕು. ನಮ್ಮಂಥವರಿಂದ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತಾರೆ: ಟೊಯಿಕ್ ಆದರೆ 990ಕ್ಕೆ 600. ಕೆಲಸಕ್ಕೆ ಹೋಗುವವರ ನಾನ್-ಇಮಿಗ್ರಂಟ್ ಬಿ ವೀಸಾ, ಅದಾದ ಮೇಲೆ ವರ್ಕ್ ಪರ್ಮಿಟ್, ಜೊತೆಗೆ ಖುರುಸಪಾ ಅನ್ನುವ ಅಲ್ಲಿನ ಶಿಕ್ಷಕರ ಮಂಡಳಿಯ ಪರವಾನಗಿ. ಬಿ.ಎಡ್. ಇಲ್ಲದವರು ತಾತ್ಕಾಲಿಕ ಅನುಮತಿ ಮೇಲೆ ನಡೆಸುತ್ತಾರೆ. ಬಿ.ಎಡ್. ಇರುವವರಿಗೆ ಪರವಾನಗಿಯ ದಾರಿ ಎಷ್ಟೋ ಸಲೀಸು. ಅಂದರೆ ಈಗ ನಿಮಗೆ ಸಣ್ಣದಾಗಿ ಕಾಣುವ ಆ ಬಿ.ಎಡ್. ಸರ್ಟಿಫಿಕೇಟೇ ನಿಮ್ಮ ದೊಡ್ಡ ಬಂಡವಾಳ.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. 'ನೇಟಿವ್ ಸ್ಪೀಕರ್ ಮಾತ್ರ' ಅನ್ನುವ ಜಾಹೀರಾತು ತುಂಬಾ ನೋಡುತ್ತೀರಿ. ಅರ್ಜಿ ಜೊತೆ ಫೋಟೋ ಕೇಳುತ್ತಾರೆ, ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಶಾಲೆಯಲ್ಲಿ, ಅದೇ ಪಾಠಕ್ಕೆ ಬಿಳಿಯ ಟೀಚರಿಗೆ ಒಂದು ಸಂಬಳ, ಫಿಲಿಪೀನ್ಸ್‌ನವರಿಗೆ ನಮಗೆ ಇನ್ನೊಂದು. ಇದು ಅನ್ಯಾಯವೇ. ಇದನ್ನು ಸಹಿಸಲು ಆಗುವುದೇ ಇಲ್ಲ ಅನ್ನಿಸಿದರೆ ಗಲ್ಫ್ ಕಡೆ ನೋಡಿ.

ಈಗ ಕಾಗದಪತ್ರ. ನಮ್ಮ ಮಂಡ್ಯ–ಮೈಸೂರಿನವರು ಹೆಚ್ಚು ಒದ್ದಾಡುವುದು ಇಲ್ಲೇ, ಅದೂ ಹೆಸರಿನ ವಿಷಯದಲ್ಲಿ. ನಮಗೆ ಸರ್‌ನೇಮ್ ಇಲ್ಲ, ಇನಿಷಿಯಲ್ ಇದೆ. ಒಂದು ಊರಿನದು, ಒಂದು ಅಪ್ಪನದು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ 'ಕಾವ್ಯ ಎಚ್.ಎಂ.' ಅಂತ ಇರುತ್ತದೆ. ಆಧಾರಿನಲ್ಲಿ ಬರೀ 'ಕಾವ್ಯ'. ಪಾನ್ ಕಾರ್ಡಿನಲ್ಲಿ ಊರು, ಅಪ್ಪ ಎಲ್ಲ ಬಿಡಿಸಿ ಬರೆದಿರುತ್ತಾರೆ. ಡಿಗ್ರಿ ಸರ್ಟಿಫಿಕೇಟಿನಲ್ಲಿ ಇನಿಷಿಯಲ್ ಹಿಂದೆ ಹೋಗಿ ಮುಂದೆ ಬಂದಿರುತ್ತದೆ. ಅಪ್ಪನ ಹೆಸರು ಒಂದು ಕಡೆ ಮಹದೇವ, ಒಂದು ಕಡೆ ಮಹದೇವು. ಇಲ್ಲಿ ಯಾರೂ ಕೇಳುವುದಿಲ್ಲ. ಹೊರಗಿನ ವೀಸಾ ಅಧಿಕಾರಿಗೆ ಇವರೆಲ್ಲ ಬೇರೆ ಬೇರೆ ಜನ.

ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಹಾಗೇ ಬರೆಯಲು ಬಿಡುವುದಿಲ್ಲ, ಬಿಡಿಸಿ ಬರೆಯಬೇಕು. ಆಗ ಕೆಲವರು ತಲೆನೋವು ಬೇಡ ಅಂತ ಸರ್‌ನೇಮ್ ಜಾಗ ಖಾಲಿ ಬಿಡುತ್ತಾರೆ. ಖಾಲಿ ಬಿಡಬೇಡಿ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂದುಬಿಟ್ಟಿತು. ಬೇರೆ ದೇಶಗಳ ಆನ್‌ಲೈನ್ ಫಾರಂಗಳೂ ಸರ್‌ನೇಮ್ ಇಲ್ಲದಿದ್ದರೆ ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ಮೊದಲ ಕೆಲಸ, ನಿಮ್ಮ ಎಲ್ಲ ಕಾಗದವನ್ನೂ ಮೇಜಿನ ಮೇಲೆ ಹರಡಿ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ ಅಕ್ಷರ ಅಕ್ಷರ ಹೋಲಿಸಿ. ಎಸ್‌ಎಸ್‌ಎಲ್‌ಸಿಯನ್ನು ಬದಲಾಯಿಸುವುದು ಎಲ್ಲಕ್ಕಿಂತ ಕಷ್ಟ. ಅದಕ್ಕೆ ಅದನ್ನೇ ತಾಯಿಬೇರು ಮಾಡಿಕೊಂಡು ಆಧಾರ್, ಪಾನ್, ಪಾಸ್‌ಪೋರ್ಟನ್ನು ಅದಕ್ಕೆ ಹೊಂದಿಸಿ. ಸಣ್ಣಪುಟ್ಟ ವ್ಯತ್ಯಾಸಕ್ಕೆ ನೋಟರಿ ಮುಂದೆ 'ಇಬ್ಬರೂ ಒಬ್ಬರೇ' ಅಂತ ಒಂದು ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ.

ಪಾಸ್‌ಪೋರ್ಟ್ ಇನ್ನೂ ಇಲ್ಲದಿದ್ದರೆ ಬೆಂಗಳೂರಿಗೆ ಓಡಬೇಕಾಗಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಅನ್ನುವ ಯೋಜನೆ 2017ರಲ್ಲಿ ದೇಶದಲ್ಲೇ ಮೊದಲು ಶುರುವಾದ ಎರಡು ಊರುಗಳಲ್ಲಿ ಮೈಸೂರೂ ಒಂದು.

ಮುಂದಿನದು ಡಿಗ್ರಿ. ಪ್ರೊವಿಷನಲ್ ಇಟ್ಟುಕೊಂಡು ಹೊರಡಲು ಆಗುವುದಿಲ್ಲ, ಘಟಿಕೋತ್ಸವದ ಒರಿಜಿನಲ್ ಸರ್ಟಿಫಿಕೇಟೇ ಬೇಕು. ನಮ್ಮಲ್ಲಿ ಎಷ್ಟೋ ಜನ ಅದನ್ನು ತೆಗೆದುಕೊಂಡೇ ಇರುವುದಿಲ್ಲ. ಯೂನಿವರ್ಸಿಟಿ ಆಫೀಸು ಇರುವ ಕ್ರಾಫರ್ಡ್ ಹಾಲ್ ಕಡೆ ಹೋಗಿ ವಿಚಾರಿಸಿ ಅರ್ಜಿ ಹಾಕಿ. ಅದಕ್ಕೆ ರಾಜ್ಯ ಮಟ್ಟದಲ್ಲಿ ದೃಢೀಕರಣ ಆಗಬೇಕು, ಆಮೇಲೆ ವಿದೇಶಾಂಗ ಇಲಾಖೆಯ ಮುದ್ರೆ. ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ಒಪ್ಪುವ ಹೇಗ್ ಒಪ್ಪಂದಕ್ಕೆ ಸೇರಿದ ದೇಶವಾದರೆ ಆ ಇಲಾಖೆ ಹಾಕುವ ಅಪೋಸ್ಟಿಲ್ ಅನ್ನುವ ಮುದ್ರೆ ಸಾಕು. ಭಾರತ 2005ರಿಂದ ಅದರಲ್ಲಿದೆ. ಒಮಾನ್, ಬಹರೈನ್ ಕೂಡ ಇವೆ. ಯುಎಇಯಂಥ ಕಡೆಗೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕಾಗುತ್ತದೆ. ಅದಕ್ಕೇ ದೇಶ ಮೊದಲು ತೀರ್ಮಾನವಾಗಬೇಕು ಅಂದಿದ್ದು. ಅಪೋಸ್ಟಿಲ್‌ಗೆ ಸರ್ಕಾರದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ, ಮೇಲೆ ಅರ್ಜಿ ತೆಗೆದುಕೊಳ್ಳುವ ಏಜೆನ್ಸಿಯ ಚಾರ್ಜು. ಸಾವಿರಾರು ರೂಪಾಯಿ ಹೇಳುವ ಏಜೆಂಟರು ಓಡಾಟದ ದುಡ್ಡು ಸೇರಿಸಿ ಹೇಳುತ್ತಿದ್ದಾರೆ. ಬೆಂಗಳೂರಿಗೆ ಬೆಳಗಿನ ರೈಲು ಹತ್ತುವ ತಾಳ್ಮೆ ಇದ್ದರೆ ಅರ್ಧಕ್ಕಿಂತ ಹೆಚ್ಚು ನೀವೇ ಮಾಡಿಕೊಳ್ಳಬಹುದು.

ಏಜೆಂಟರ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ನಿಂತು ಓದಿ. ಥಾಯ್ಲೆಂಡಿನಲ್ಲಿ ಕೆಲಸ ಅಂತ ಕರೆದುಕೊಂಡು ಹೋಗಿ, ಗಡಿ ದಾಟಿಸಿ, ಮ್ಯಾನ್ಮಾರ್‌ನ ಮ್ಯಾವಡ್ಡಿಯಂಥ ಕಡೆ ಆನ್‌ಲೈನ್ ಮೋಸದ ಅಡ್ಡೆಗಳಲ್ಲಿ ಕೂಡಿಹಾಕಿದ್ದು ನಡೆದಿದೆ. 2022ರಿಂದ ವಿದೇಶಾಂಗ ಇಲಾಖೆ ಇದರ ಬಗ್ಗೆ ಎಚ್ಚರಿಸುತ್ತಲೇ ಇದೆ. ಕಾಂಬೋಡಿಯಾ, ಲಾವೋಸ್ ಹೆಸರಲ್ಲೂ ಇದೇ ಕಥೆ. 'ಸುಮ್ನೆ ಟೂರಿಸ್ಟ್ ಆಗಿ ಬನ್ನಿ, ವೀಸಾ ಅಲ್ಲಿ ಮಾಡಿಸೋಣ' ಅಂದರೆ ಅಲ್ಲಿಗೇ ಮಾತು ಮುಗಿಸಿ. ಪ್ರವಾಸಿಯಾಗಿ ಹೋಗಿ ಕ್ಲಾಸಿನಲ್ಲಿ ನಿಂತರೆ ಅದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ಶಾಲೆ ಕೈತೊಳೆದುಕೊಳ್ಳುತ್ತದೆ. ಭಾರತದ ಏಜೆಂಟ್ ಆದರೆ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಅವರ ನೋಂದಣಿ ಇದೆಯಾ ನೋಡಿ. ನೋಂದಣಿ ಇರುವವರೂ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಎರಡು ಲಕ್ಷ, ಮೂರು ಲಕ್ಷ ಅಂತ ಯಾರಾದರೂ ಅಂದರೆ ಎದ್ದು ಬನ್ನಿ, ಅವರು ನಿಮ್ಮ ಸೋದರಮಾವನ ಸ್ನೇಹಿತರೇ ಆಗಿದ್ದರೂ ಸರಿ. ಶಾಲೆಯ ಹೆಸರು ಹೇಳಿದ ಮೇಲೆ ಅಲ್ಲಿ ಈಗಾಗಲೇ ಇರುವ ಒಬ್ಬ ವಿದೇಶಿ ಟೀಚರ್ ಜೊತೆ ವಿಡಿಯೊ ಕಾಲ್ ಕೇಳಿ. ನಿಜವಾದ ಶಾಲೆ ಅದಕ್ಕೆ ಬೇಡ ಅನ್ನುವುದಿಲ್ಲ.

ಈಗ ಕಲಿಸುವ ವಿಷಯ. ನಿಮ್ಮದು ಕನ್ನಡ ಮಾಧ್ಯಮ ಅಂತ ಸಂಕೋಚದಿಂದ ಬರೆದಿದ್ದೀರಿ. ಸಂಕೋಚ ಬೇಡ. ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿತವರಿಗೆ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಒಂದು ಅಭ್ಯಾಸ ಬಿಡಬೇಕು. ನಮ್ಮ ಕ್ಲಾಸಿನಲ್ಲಿ ವ್ಯಾಕರಣ ಕಷ್ಟವಾದ ಕೂಡಲೇ ಕನ್ನಡಕ್ಕೆ ಇಳಿಯುತ್ತೇವೆ. ಅಲ್ಲಿ ಇಳಿಯಲು ಭಾಷೆಯೇ ಇರುವುದಿಲ್ಲ. ಮಕ್ಕಳಿಗೆ ಕನ್ನಡ ಬರಲ್ಲ, ನಿಮಗೆ ಥಾಯ್ ಬರಲ್ಲ.

'ಐ ಯೂಸ್ಡ್ ಟು ಲಿವ್ ಇನ್ ಮಂಡ್ಯ' ಅನ್ನುವುದನ್ನೇ ತೆಗೆದುಕೊಳ್ಳಿ. ಕನ್ನಡ ಇಲ್ಲದೆ ಹೇಗೆ ಕಲಿಸುತ್ತೀರಿ? ಬೋರ್ಡಿನ ಮೇಲೆ ಒಂದು ಗೆರೆ ಎಳೆಯಿರಿ, ಒಂದು ತುದಿ ಹಿಂದೆ, ಒಂದು ತುದಿ ಈಗ. ಹಿಂದಿನ ಭಾಗದಲ್ಲಿ ಮನೆಯ ಚಿತ್ರ ಬರೆಯಿರಿ. ಆಮೇಲೆ ಪ್ರಶ್ನೆ: ಮೊದಲು ಮಂಡ್ಯದಲ್ಲಿ ಇದ್ದೆನಾ? ಈಗ ಇದ್ದೇನಾ? ಈ ಎರಡು ಸಣ್ಣ ಪ್ರಶ್ನೆಯನ್ನು ಇಂಗ್ಲಿಷಿನಲ್ಲೇ ಕೇಳಿದರೆ ಅರ್ಥ ಕೂತಿದೆಯೋ ಇಲ್ಲವೋ ಗೊತ್ತಾಗುತ್ತದೆ. 'ಅಂಡರ್‌ಸ್ಟ್ಯಾಂಡ್?' ಅಂತ ಕೇಳಿದರೆ ಮಂಡ್ಯದಲ್ಲೂ ಯೆಸ್, ಥಾಯ್ಲೆಂಡಿನಲ್ಲೂ ಯೆಸ್. ಅದರಿಂದ ಏನೂ ಪ್ರಯೋಜನ ಇಲ್ಲ.

ಇದರ ಅಭ್ಯಾಸಕ್ಕೆ ಒಳ್ಳೆಯ ಜಾಗ ನಮ್ಮ ಹತ್ತಿರವೇ ಇದೆ. ಬೈಲಕುಪ್ಪೆಗೆ ಹೋಗಿ. ಅಲ್ಲಿನ ಮಠಗಳಲ್ಲಿ ನೇಪಾಳ, ಭೂತಾನ್, ಅರುಣಾಚಲದ ಕಡೆಯಿಂದ ಬಂದ ಹುಡುಗ ಸನ್ಯಾಸಿಗಳಿದ್ದಾರೆ. ಅವರಿಗೆ ಇಂಗ್ಲಿಷ್ ಬೇಕು, ನಿಮ್ಮ ಕನ್ನಡ ಅಲ್ಲಿ ನಡೆಯುವುದಿಲ್ಲ. ಶನಿವಾರ, ಭಾನುವಾರ ಕಲಿಸಲು ಬಿಡುತ್ತೀರಾ ಅಂತ ಕೇಳಿ ನೋಡಿ. ಅಷ್ಟು ದೂರ ಆಗದಿದ್ದರೆ ಮಾನಸಗಂಗೋತ್ರಿಯ ವಿದೇಶಿ ವಿದ್ಯಾರ್ಥಿಗಳಿದ್ದಾರೆ. ಇರಾನ್, ಆಫ್ಘಾನಿಸ್ತಾನ, ಯೆಮೆನ್‌ನಿಂದ ಬಂದವರಲ್ಲಿ ಇಂಗ್ಲಿಷ್ ಮಾತಾಡಲು ಜೊತೆ ಹುಡುಕುವವರು ಸಿಗುತ್ತಾರೆ. ಇಲ್ಲಿ ಕಲಿಯುವಷ್ಟು ಯಾವ ಆನ್‌ಲೈನ್ ಕೋರ್ಸಿನಲ್ಲೂ ಕಲಿಯುವುದಿಲ್ಲ.

ಉಚ್ಚಾರಣೆಯ ಬಗ್ಗೆಯೂ ಒಂದೆರಡು ಮಾತು. ಅಮೆರಿಕದವರ ಹಾಗೆ ಮೂಗಿನಲ್ಲಿ ಮಾತಾಡಲು ಹೋಗಬೇಡಿ, ಕೇಳಲು ಆಗುವುದಿಲ್ಲ. ಆದರೆ ನಮ್ಮ ಬಾಯಿಯ ಕೆಲವು ಅಭ್ಯಾಸ ತಿದ್ದಿಕೊಳ್ಳಿ. ನಮಗೆ ಎಗ್ ಯೆಗ್ ಆಗುತ್ತದೆ, ಓಲ್ಡ್ ವೋಲ್ಡ್ ಆಗುತ್ತದೆ, ಸ್ಕೂಲ್ ಇಸ್ಕೂಲ್ ಆಗುತ್ತದೆ. ಮಂಡ್ಯದ ಕಡೆ 'ಹ' ಬಿದ್ದುಹೋಗುವುದು ಬೇರೆ. ಪದದ ಯಾವ ಭಾಗಕ್ಕೆ ಒತ್ತು ಅನ್ನುವುದು ಇವೆಲ್ಲಕ್ಕಿಂತ ಮುಖ್ಯ, ಏಕೆಂದರೆ ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಸುಮಾರು ಒಂದೇ ತೂಕ. ಮೊಬೈಲಿನಲ್ಲಿ ನಿಮ್ಮ ಪಾಠ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ನಾಚಿಕೆಯಾಗುತ್ತದೆ, ಆಗಲಿ.

ಇಷ್ಟಾದ ಮೇಲೆ ಕೋರ್ಸ್. ಜಾಹೀರಾತುಗಳಲ್ಲಿ ಸಾಮಾನ್ಯವಾಗಿ 120 ಗಂಟೆಯ ಟೆಫೆಲ್ ಕೇಳುತ್ತಾರೆ. ತೊಂಬತ್ತು ಪರ್ಸೆಂಟ್ ಡಿಸ್ಕೌಂಟ್ ಅಂತ ಬರುವ ಕೋರ್ಸುಗಳು ವೀಸಾ ಫೈಲಿಗೆ ಒಂದು ಕಾಗದ ಕೊಡುತ್ತವೆ, ಕಲಿಸಲು ಕಲಿಸುವುದಿಲ್ಲ. ದುಡ್ಡು ಇದ್ದರೆ ಕೇಂಬ್ರಿಡ್ಜ್‌ನ ಸೆಲ್ಟಾ ಅನ್ನುವ ಇಂಗ್ಲಿಷ್ ಕಲಿಸುವವರ ಕೋರ್ಸ್ ಮಾಡಿ. ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳಿಗೆ ಕಲಿಸಬೇಕು, ಹಿಂದೆ ಕೂತು ನೋಡಿ ತಪ್ಪು ಹೇಳುವವರಿರುತ್ತಾರೆ. ದುಬಾರಿ, ಆದರೆ ಎಲ್ಲ ಕಡೆ ಗುರುತಿಸುತ್ತಾರೆ. ಗಲ್ಫ್ ಅಥವಾ ಮಾಲ್ಡೀವ್ಸ್ ಅಂತ ತೀರ್ಮಾನಿಸಿದರೆ ಎರಡೂ ಬೇಡ, ಆ ದುಡ್ಡು ಉಳಿಸಿ.

ಊಟದ ಬಗ್ಗೆ ಕೇಳಿದ್ದೀರಿ. ರಾಗಿ ಹಿಟ್ಟು, ಹುಳಿಪುಡಿ, ಚಟ್ನಿಪುಡಿ ತೆಗೆದುಕೊಂಡು ಹೋಗಿ. ಥಾಯ್ಲೆಂಡಿನಲ್ಲಿ ಸಸ್ಯಾಹಾರ ಬೇಕಾದರೆ 'ಜೇ' ಅಂತ ಹೇಳಿ. ಹೇಳದಿದ್ದರೆ ತರಕಾರಿಗೂ ಮೀನಿನ ಸಾಸ್ ಬೀಳುತ್ತದೆ. ಮೊದಲ ಸಂಬಳ ಕೈಗೆ ಬರಲು ತಡವಾಗುತ್ತದೆ, ಬಾಡಿಗೆ ಅಡ್ವಾನ್ಸ್ ಕಟ್ಟಿ ಎರಡು ಮೂರು ತಿಂಗಳು ತಳ್ಳುವಷ್ಟು ದುಡ್ಡು ಇರಲಿ. ಮನೆಯವರು ಮದುವೆ ಮಾತು ತೆಗೆಯುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಇನ್ನು ಸಮಯದ ಲೆಕ್ಕ. ಥಾಯ್ ಶಾಲೆಗಳು ಮೇ ಮಧ್ಯದಲ್ಲಿ ಶುರುವಾಗುತ್ತವೆ, ಎರಡನೇ ಟರ್ಮ್ ನವೆಂಬರ್ ಹೊತ್ತಿಗೆ. ಮಾರ್ಚ್–ಏಪ್ರಿಲ್‌ನಲ್ಲಿ ಜಾಸ್ತಿ ಜನರನ್ನು ತೆಗೆದುಕೊಳ್ಳುತ್ತಾರೆ, ಸರಿಯಾಗಿ ನಿಮಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ, ಮೌಲ್ಯಮಾಪನದ ಗಲಾಟೆ ಇರುವಾಗ. ಹಾಗಾಗಿ ಡಿಗ್ರಿ, ಹೆಸರು, ಟೊಯಿಕ್ ಎಲ್ಲ ಈ ಡಿಸೆಂಬರ್ ಒಳಗೆ ಮುಗಿಸಿ. ನಿಮ್ಮ ಶಾಲೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡಿದ್ದರೆ ಅಪೋಸ್ಟಿಲ್ ನೆಪ ಹೇಳಿ ಈಗಲೇ ಬಿಡಿಸಿಕೊಳ್ಳಿ. ರಾಜೀನಾಮೆ ಕೊಟ್ಟ ದಿನ ಕೇಳಿದರೆ ಸತಾಯಿಸುತ್ತಾರೆ. ಎಕ್ಸ್‌ಪೀರಿಯನ್ಸ್ ಲೆಟರ್ ಲೆಟರ್‌ಹೆಡ್ಡಿನಲ್ಲಿ, ಸೇರಿದ ತಾರೀಖು ಹಾಕಿಸಿಕೊಂಡು ತೆಗೆದುಕೊಳ್ಳಿ. ವೀಸಾ ಕೈಗೆ ಬರುವವರೆಗೆ ಕೆಲಸ ಬಿಡಬೇಡಿ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಸೇವೆಯಲ್ಲೇ 500 ರೂಪಾಯಿಗೆ ಆಗುತ್ತದೆ, ಆದರೆ ಹೆಚ್ಚಿನ ಕಡೆ ಇತ್ತೀಚಿನದೇ ಬೇಕು ಅನ್ನುತ್ತಾರೆ. ಈಗ ಮಾಡಿಸಿದರೆ ಹೊರಡುವಾಗ ಮತ್ತೊಮ್ಮೆ ಸ್ಟೇಷನ್ ಮೆಟ್ಟಿಲು ಹತ್ತಬೇಕಾಗುತ್ತದೆ.