ಸಂಪಾದಕರ ಉತ್ತರ: ಬಾಯಿಪಾಠದ ಉತ್ತರ ಮರುಪ್ರಶ್ನೆಗೆ ನಿಲ್ಲುವುದಿಲ್ಲ

ಪ್ರಿಯ ಓದುಗರೇ,

ಕೆಲಸದ ಸಂದರ್ಶನಕ್ಕೆ ಐವತ್ತು ಪ್ರಶ್ನೆಗಳಿಗೆ ಉತ್ತರ ಬರೆದು ಉರು ಹೊಡೆದು ಹೋದರೂ ಸಂದರ್ಶಕರು 'ಸ್ವಲ್ಪ ಬಿಡಿಸಿ ಹೇಳಿ' ಎಂದೊಡನೆ ಮಾತು ನಿಲ್ಲುತ್ತದೆ, ಎರಡನೇ ಸುತ್ತು ದಾಟಲು ಆಗುತ್ತಿಲ್ಲ ಎಂದು ಬರೆದಿದ್ದೀರಿ. ಜೊತೆಗೆ ರೆಸ್ಯೂಮೆಯನ್ನೂ ಕಳಿಸಿದ್ದು ಒಳ್ಳೆಯದಾಯಿತು. ತೊಂದರೆಯ ಬೇರು ಅಲ್ಲೇ ಇದೆ.

ಅದರಲ್ಲೊಂದು ಸಾಲು: 'ಗೋದಾಮಿನ ದಾಸ್ತಾನು ನಿರ್ವಹಣೆಯಲ್ಲಿ ಸುಧಾರಣೆ ತಂದಿದ್ದೇನೆ.' ಇದನ್ನು ಓದಿದ ಯಾರೇ ಆದರೂ ಕೇಳುವುದು ಇಷ್ಟೇ. ಮೊದಲು ಏನು ಕೆಟ್ಟಿತ್ತು? ಯಾಕೆ? ಅದರಲ್ಲಿ ನಿಮ್ಮ ಕೈಯಾರೆ ಆದದ್ದೇನು? ಸರಿಹೋಯಿತು ಅಂತ ಹೇಗೆ ಗೊತ್ತಾಯಿತು? ನಿಮ್ಮ ಐವತ್ತು ಉತ್ತರಗಳಲ್ಲಿ ಈ ನಾಲ್ಕಕ್ಕೆ ಜಾಗವಿಲ್ಲ.

ಆದ್ದರಿಂದ ರೆಸ್ಯೂಮೆಯ ಪ್ರತಿ ಸಾಲಿಗೂ ಒಂದೊಂದು ಹಾಳೆ ತೆಗೆದುಕೊಳ್ಳಿ. ಪೂರ್ತಿ ವಾಕ್ಯ ಬೇಡ, ಸುಳಿವು ಮಾತ್ರ ಬರೆಯಿರಿ. ಉದಾಹರಣೆಗೆ: ಕಂಪ್ಯೂಟರಿನ ಲೆಕ್ಕಕ್ಕೂ ರ‍್ಯಾಕಿನ ಮಾಲಿಗೂ ತಾಳೆಯಿಲ್ಲ, ವಾಪಸ್ ಬಂದ ಮಾಲಿನ ಎಂಟ್ರಿ ಸಂಜೆಗೆ, ಅಷ್ಟರೊಳಗೆ ಅದು ಮತ್ತೆ ಹೊರಗೆ, ಗೇಟಿನಲ್ಲೇ ಎಂಟ್ರಿ ಶುರು, ತಿಂಗಳ ಎಣಿಕೆಯಲ್ಲಿ ವ್ಯತ್ಯಾಸ ಇಷ್ಟರಿಂದ ಇಷ್ಟಕ್ಕೆ. ಆ 'ಇಷ್ಟು' ನಿಜವಾದ ಸಂಖ್ಯೆಯಾಗಿರಲಿ. ನೆನಪಿಲ್ಲದಿದ್ದರೆ 'ಅಂದಾಜು' ಎಂದು ಸೇರಿಸಿ ಹೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಹಳೆಯ ಸಂಸ್ಥೆಯ ಗ್ರಾಹಕರ ಹೆಸರು, ದರ ಮಾತ್ರ ಬಾಯಿಗೆ ಬರಬಾರದು.

ತರಬೇತಿಯವರು 'ಸ್ಟಾರ್' ಎಂದು ಕಲಿಸುವ ಸಂದರ್ಭ, ಹೊಣೆ, ಕ್ರಮ, ಫಲಿತಾಂಶದ ಪದ್ಧತಿಯೂ ಹೆಚ್ಚುಕಡಿಮೆ ಇದೇ. ಅದನ್ನು ಕಲಿತವರೂ ಎಡವುವುದು ಸಮಯದ ಹಂಚಿಕೆಯಲ್ಲಿ: ಸಂದರ್ಭ ವಿವರಿಸುವುದರಲ್ಲೇ ಮುಕ್ಕಾಲು ಪಾಲು ಕಳೆದುಬಿಡುತ್ತಾರೆ. ಎರಡು ನಿಮಿಷದ ಉತ್ತರವಾದರೆ ಸಂದರ್ಭಕ್ಕೆ 20 ಸೆಕೆಂಡು ಸಾಕು, ನೀವು ಮಾಡಿದ ಕೆಲಸಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಕೊಡಿ. 'ನಾವು ಮಾಡಿದೆವು' ಎಂದಷ್ಟೇ ಹೇಳಿದರೆ ನಿಮ್ಮ ಪಾಲು ಯಾವುದೆಂದು ತಿಳಿಯುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಪ್ರತಿ ಸಲವೂ ಮಾತು ಬೇರೆಯಾಗಿ, ವಿಷಯ ಅದೇ ಬಂದರೆ ತಯಾರಿ ಸರಿಯಾಗಿದೆ.

ಇಂಥ ಐದಾರು ಪ್ರಸಂಗಗಳು ಸಾಕು. ಒಂದು ಸೋತ ಕೆಲಸದ್ದು, ಇನ್ನೊಂದು ಮೇಲಿನವರೊಡನೆ ಭಿನ್ನಾಭಿಪ್ರಾಯ ಬಂದದ್ದು ಇರಲೇಬೇಕು. ಆಮೇಲೆ ಕೆಲಸದ ಜಾಹೀರಾತು ಮುಂದಿಟ್ಟುಕೊಂಡು, ಅವರು ಕೇಳಿರುವ ಒಂದೊಂದು ಅರ್ಹತೆಯ ಎದುರಿಗೂ ಹೊಂದುವ ಪ್ರಸಂಗ ಗುರುತು ಹಾಕಿ. ಖಾಲಿ ಉಳಿದ ಕಡೆ 'ಇದನ್ನು ಬಳಸಿಲ್ಲ, ಇದಕ್ಕೆ ಹತ್ತಿರದ್ದನ್ನು ಬಳಸಿದ್ದೇನೆ' ಎನ್ನಲು ಸಿದ್ಧರಾಗಿ. ಗೊತ್ತಿದೆ ಎಂದು ಒಪ್ಪಿಕೊಂಡರೆ ಮುಂದಿನ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತೀರಿ.

'ನಿಮ್ಮ ಬಗ್ಗೆ ಹೇಳಿ' ಎಂದಾಗ ಶಾಲೆಯಿಂದ ಶುರುಮಾಡುತ್ತೀರಂತೆ. ಬೇಡ. ಈಚಿನ ಕೆಲಸದಿಂದ ಆರಂಭಿಸಿ, ಈ ಹುದ್ದೆ ಯಾಕೆ ಬೇಕು ಎಂಬಲ್ಲಿಗೆ ಒಂದೂವರೆ ನಿಮಿಷದಲ್ಲಿ ನಿಲ್ಲಿಸಿ. ನಿಮ್ಮ ರೆಸ್ಯೂಮೆಯಲ್ಲಿ ಕಾಣುವ, ಕೆಲಸವಿಲ್ಲದ 14 ತಿಂಗಳ ಬಿಡುವಿಗೂ ಎರಡೇ ವಾಕ್ಯ: ಒಂದು ಕಾರಣಕ್ಕೆ, ಒಂದು ಆ ಅವಧಿಯಲ್ಲಿ ಮಾಡಿದ್ದಕ್ಕೆ. ಮೂರನೇ ವಾಕ್ಯದಿಂದ ಅದು ಸಮಜಾಯಿಷಿಯಂತೆ ಕೇಳಿಸತೊಡಗುತ್ತದೆ.

ಸಂಬಳದ ಮಾತು: ಎಲ್ಲ ಕಡಿತ ಕಳೆದು ಕೈಗೆ ಕನಿಷ್ಠ ಎಷ್ಟು ಬರಬೇಕೆಂದು ಹೋಗುವ ಮೊದಲೇ ನಿರ್ಧರಿಸಿ. ಆರಂಭದಲ್ಲೇ ಕೇಳಿದರೆ 'ಈ ಹುದ್ದೆಗೆ ಎಷ್ಟರಿಂದ ಎಷ್ಟರವರೆಗೆ ಇಟ್ಟುಕೊಂಡಿದ್ದೀರಿ?' ಎಂದು ವಿಚಾರಿಸುವುದರಲ್ಲಿ ಸಂಕೋಚ ಬೇಕಿಲ್ಲ. ವಿಡಿಯೊ ಸಂದರ್ಶನವಾದರೆ ಬೆಳಕು ಮುಖದೆದುರು ಇರಲಿ, ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರಲಿ, ಚಾರ್ಜರ್ ಸಿಕ್ಕಿಸಿರಲಿ.

'ಏನಾದರೂ ಕೇಳುವುದಿದೆಯೇ?' ಎಂದರೆ 'ಇಲ್ಲ' ಎನ್ನಬೇಡಿ. ಮೊದಲ ಮೂರು ತಿಂಗಳಲ್ಲಿ ಈ ಹುದ್ದೆಯವರಿಂದ ಏನು ಆಗಬೇಕೆಂದು ಕೇಳಿ. ಬರುವ ಉತ್ತರ ಎರಡನೇ ಸುತ್ತಿಗೆ ನಿಮಗೇ ಬೇಕಾಗುತ್ತದೆ. ಹೊರಬಂದ ಕೂಡಲೇ ಕೇಳಿದ ಪ್ರಶ್ನೆಗಳನ್ನೂ ನೀವು ಹೇಳಿದ ಅಂಕಿಗಳನ್ನೂ ಬರೆದಿಟ್ಟುಕೊಳ್ಳಿ. ಮೊದಲ ಸುತ್ತಿನವರ ಟಿಪ್ಪಣಿ ಎರಡನೆಯವರ ಮೇಜಿನ ಮೇಲೆ ಇರುವುದುಂಟು. ಅಲ್ಲೊಂದು ಸಂಖ್ಯೆ, ಇಲ್ಲೊಂದು ಸಂಖ್ಯೆಯಾದರೆ ಅವರು ಅಲ್ಲಿಂದಲೇ ಕೆದಕುತ್ತಾರೆ.

— ಸಂ.