ಶಿಫ್ಟ್ ಬದಲಾಗುವ ಹದಿನೈದು ನಿಮಿಷ

ಕೆಲಸದ ಜಾಗದ ತೊಡಕುಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಷಿನ್ ಶಾಪ್ ಒಂದರಲ್ಲಿ ಆಪರೇಟರ್ ಆಗಿದ್ದ ನನ್ನನ್ನು ಶಿಫ್ಟ್ ಇನ್‌ಚಾರ್ಜ್ ಮಾಡಿದ್ದಾರೆ. ಹೆಚ್ಚಿನ ರಿಜೆಕ್ಷನ್ ಬೆಳಗಿನ ಶಿಫ್ಟಿನ ಮೊದಲ ಗಂಟೆಯಲ್ಲೇ ಆಗುತ್ತದೆ. ನೈಟ್ ಶಿಫ್ಟಿನವರು ಬೆಳಗಿನವರ ಮೇಲೆ ಹೇಳುತ್ತಾರೆ, ಬೆಳಗಿನವರು ನೈಟ್‌ನವರ ಮೇಲೆ. ಯಾರಿಗೆ ಮೆಮೊ ಕೊಡಲಿ?
– ಓದುಗರು, ಪೀಣ್ಯ

ಉತ್ತರ: ಸದ್ಯಕ್ಕೆ ಮೆಮೊ ಬದಿಗಿಡಿ. ಆಪರೇಟರ್ ಯಾರೇ ಇರಲಿ, ತಪ್ಪು ದಿನವೂ ಅದೇ ಹೊತ್ತಿಗೆ ಆಗುತ್ತಿದೆ ಎಂದರೆ ಮೊದಲು ನೋಡಬೇಕಾದದ್ದು ಶಿಫ್ಟ್ ವಹಿಸಿಕೊಡುವ ಕ್ರಮವನ್ನು.

40 ಮಿ.ಮೀ. ಬೋರ್ (ಕೊರೆದ ರಂಧ್ರ), ಎಚ್7 ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಏರುಪೇರಿನ ಮಿತಿ) ಎಂದುಕೊಳ್ಳಿ. 40.000ರಿಂದ 40.025 ಒಳಗಿದ್ದರೆ ಮಾತ್ರ ಪಾಸ್. ಇನ್ಸರ್ಟ್ (ಟೂಲಿನ ತುದಿಯ ಕತ್ತರಿಸುವ ತುಣುಕು, ಟಿಪ್ ಎನ್ನುವುದೂ ಇದನ್ನೇ) ಸವೆದಂತೆ ಬೋರ್ ಸಣ್ಣದಾಗುತ್ತದೆ, ಅದಕ್ಕೆ ನೈಟ್ ಆಪರೇಟರ್ ವೇರ್ ಆಫ್‌ಸೆಟ್‌ನಲ್ಲಿ (ಸವೆತ ಸರಿದೂಗಿಸಲು ಮಷಿನ್‌ಗೆ ಕೊಡುವ ತಿದ್ದುಪಡಿ ಅಂಕಿ) ಸ್ವಲ್ಪ ಸ್ವಲ್ಪ ಸೇರಿಸುತ್ತ ಹೋಗಿ ಬೆಳಗಿನ ಹೊತ್ತಿಗೆ 40 ಮೈಕ್ರಾನ್ (0.040 ಮಿ.ಮೀ.) ಮಾಡಿರುತ್ತಾನೆ. ಸರಿಯಾದ ಕೆಲಸವೇ. ಆರು ಗಂಟೆಗೆ ಬಂದವನು ಟಿಪ್ ಸವೆದದ್ದು ನೋಡಿ ಹೊಸ ಅಂಚಿಗೆ ತಿರುಗಿಸುತ್ತಾನೆ. ಅದೂ ಸರಿಯೇ. ಆದರೆ ಆಫ್‌ಸೆಟ್‌ನಲ್ಲಿ ಉಳಿದಿರುವ ಆ 40 ಮೈಕ್ರಾನ್ ಅವನಿಗೆ ಗೊತ್ತಿಲ್ಲ. ಮೊದಲ ಜಾಬ್‌ನ (ತಯಾರಾಗುವ ಬಿಡಿಭಾಗದ) ಬೋರ್ 40.050ರ ಆಸುಪಾಸಿಗೆ ಹೋಗುತ್ತದೆ. ಬೋರ್ ಸಣ್ಣದಾಗಿದ್ದರೆ ರೀವರ್ಕ್ ಮಾಡಬಹುದಿತ್ತು, ದೊಡ್ಡದಾದ ಮೇಲೆ ಸ್ಕ್ರ್ಯಾಪ್. ಇಬ್ಬರೂ ತಮ್ಮ ಪಾಲಿನ ಕೆಲಸ ಸರಿಯಾಗಿಯೇ ಮಾಡಿದ್ದರಿಂದ ಇಬ್ಬರೂ ಅಷ್ಟು ಗಟ್ಟಿಯಾಗಿ ಇನ್ನೊಬ್ಬರನ್ನು ದೂರುತ್ತಾರೆ.

ಶಿಫ್ಟ್ ಬದಲಾಗುವಾಗ 15 ನಿಮಿಷ ಇಬ್ಬರೂ ಮಷಿನ್ ಎದುರೇ ನಿಲ್ಲಬೇಕು. ಗೇಟಿನ ಹತ್ತಿರ ಹೇಳಿ ಹೋದದ್ದು ಲೆಕ್ಕಕ್ಕಿಲ್ಲ. ಈ ಹೊತ್ತಿಗೂ ಸಂಬಳ ಸಿಗುವಂತೆ ಮ್ಯಾನೇಜ್‌ಮೆಂಟಿನ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಬಿಟ್ಟಿಯಾಗಿ ನಿಲ್ಲಿ ಎಂದರೆ ವಾರದೊಳಗೆ ಯಾರೂ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಪುಸ್ತಕದಲ್ಲಿ ಬರೆಯಬೇಕಾದದ್ದು ನಾಲ್ಕೇ ಸಂಗತಿ: ಯಾವ ಟೂಲ್ ಎಷ್ಟು ಗಂಟೆಗೆ ಬದಲಾಯಿತು, ಈಗಿನ ವೇರ್ ಆಫ್‌ಸೆಟ್ ಎಷ್ಟು, ಕೊನೆಯ ಮೂರು ಜಾಬ್‌ಗಳ ಅಳತೆ, ಬಾಕಿ ಇರುವ ರಿಪೇರಿ. ‘ಎಲ್ಲಾ ಓಕೆ’ ಎಂದು ಬರೆದರೆ ವಾಪಸ್ ಕೊಡಿ. ಕೊನೆಯ ಜಾಬನ್ನು ಹೋಗುವವನು ಅಳೆದಿದ್ದರೂ ಬಂದವನು ತನ್ನ ಬೋರ್ ಗೇಜಿನಲ್ಲಿ ಇನ್ನೊಮ್ಮೆ ಅಳೆಯಲಿ, ಗೇಜ್ ಸೆಟ್ಟಿಂಗಿನಲ್ಲಿ ವ್ಯತ್ಯಾಸವಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಟಿಪ್ ಬದಲಿಸಿದಾಗೆಲ್ಲ ವೇರ್ ಆಫ್‌ಸೆಟ್ ಸೊನ್ನೆ ಮಾಡಿ, ಮೊದಲ ಬೋರನ್ನು ಬೇಕೆಂದೇ 50 ಮೈಕ್ರಾನ್ ಸಣ್ಣದಿಟ್ಟು ಹೊಡೆದು, ಅಳೆದು, ಆಮೇಲೆ ಸೈಜಿಗೆ ತರಬೇಕು.

‘ಇಷ್ಟಕ್ಕೆಲ್ಲ 15 ನಿಮಿಷ ಯಾಕೆ’ ಎಂದು ಮೇಲಿನವರು ಕೇಳಿದರೆ ಪೈಪರ್ ಆಲ್ಫಾದ ವಿಷಯ ಹೇಳಿ. ಉತ್ತರ ಸಮುದ್ರದ ಆ ತೈಲ ವೇದಿಕೆಯಲ್ಲಿ 1988ರ ಜುಲೈ 6ರಂದು ಹಗಲಿನವರು ಒಂದು ಪಂಪಿನ ಸುರಕ್ಷತಾ ವಾಲ್ವ್ ಬಿಚ್ಚಿ, ಆ ಜಾಗಕ್ಕೆ ತಾತ್ಕಾಲಿಕ ಮುಚ್ಚಳ ಹಾಕಿದ್ದರು. ವಾಲ್ವ್ ಇಲ್ಲವೆಂಬ ಸುದ್ದಿ ರಾತ್ರಿಯವರಿಗೆ ಮುಟ್ಟಲಿಲ್ಲ. ಇನ್ನೊಂದು ಪಂಪ್ ಕೈಕೊಟ್ಟಾಗ ಅವರು ಇದನ್ನು ಚಾಲೂ ಮಾಡಿದರು. ಸೋರಿಕೆ, ಸ್ಫೋಟ, ಬೆಂಕಿ. 167 ಜನ ಸತ್ತರು.

ಪ್ರಶ್ನೆ: ನಾನು ಸೈಟ್ ಎಂಜಿನಿಯರ್. ಸ್ಲ್ಯಾಬ್ ಹಾಕುವ ದಿನ ಒಂದು ಕಡೆ ಸೆಂಟ್ರಿಂಗ್ (ಹಸಿ ಕಾಂಕ್ರೀಟನ್ನು ಹೊರುವ ತಾತ್ಕಾಲಿಕ ಆಧಾರ) ಕುಸಿಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಅದರ ಜಾಕ್ (ಆಧಾರದ ಕಂಬ) ಸಡಿಲ ಮಣ್ಣಿನ ಮೇಲಿದ್ದದ್ದು ಟ್ರೈನಿ ಹುಡುಗನಿಗೆ ಗೊತ್ತಿತ್ತಂತೆ. ‘ಏನಾದರೂ ಇದ್ದರೆ ಹೇಳ್ರಪ್ಪಾ’ ಎಂದು ನಾನು ದಿನಾ ಹೇಳುತ್ತೇನೆ. ಆದರೂ ಹೇಳಲಿಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ಹೇಳಿ ಎನ್ನುವುದಷ್ಟೇ ಸಾಲದು. 2010ರ ಮೇ 22ರ ಮಂಗಳೂರು ವಿಮಾನ ದುರಂತದ ತನಿಖಾ ವರದಿ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿ ಬರುತ್ತಿತ್ತು. ಇಳಿಸಬೇಡಿ, ಮತ್ತೆ ಮೇಲೇರಿಸಿ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದರು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. 158 ಜನ ಹೋದರು, ಉಳಿದವರು ಎಂಟೇ ಮಂದಿ. ಸಹ ಪೈಲಟ್ ಕಂಟ್ರೋಲ್ ತಾವೇ ತೆಗೆದುಕೊಳ್ಳದಿದ್ದದ್ದಕ್ಕೆ, ಅಂಥ ಹೊತ್ತಿನಲ್ಲಿ ಅವರಿಗೆ ಅಧಿಕಾರ ಕೊಡುವ ಸೂಚನೆಗಳಲ್ಲೇ ಇದ್ದ ಗೊಂದಲ ಕಾರಣವಿರಬಹುದು ಎಂದು ವರದಿ ಹೇಳಿದೆ. ಬಾಯಿಬಿಟ್ಟು ಹೇಳಿದ ಮನುಷ್ಯನ ಪಾಡೇ ಇದಾದರೆ, ನಿಮ್ಮ ಟ್ರೈನಿ ಯಾವ ಧೈರ್ಯದ ಮೇಲೆ ಕಾಂಕ್ರೀಟ್ ಲಾರಿ ನಿಲ್ಲಿಸಬೇಕು?

ಆದ್ದರಿಂದ ಯಾವ ಸ್ಥಿತಿಯಲ್ಲಿ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು ಎಂಬುದನ್ನು ಹಿಂದಿನ ದಿನವೇ ಬೋರ್ಡಿನ ಮೇಲೆ ಬರೆದುಹಾಕಿ. ಜಾಕಿನ ಬುಡದಲ್ಲಿ ಹಲಗೆ ಇಲ್ಲ, ಜಾಕ್ ವಾಲಿದೆ, ಕವರ್ ಬ್ಲಾಕ್ (ಕಂಬಿಯ ಕೆಳಗಿಡುವ ಬಿಲ್ಲೆ) ಕೂತಿಲ್ಲ, ಎರಡನೇ ವೈಬ್ರೇಟರ್ (ಕಾಂಕ್ರೀಟ್ ಅದುರಿಸಿ ಕೂರಿಸುವ ಯಂತ್ರ) ಬಂದಿಲ್ಲ, ನೀರು ಬೆರೆಸಿ 2 ಗಂಟೆ ದಾಟಿದ ಕಾಂಕ್ರೀಟ್ ಬಂದಿದೆ. ಇವುಗಳಲ್ಲಿ ಯಾವುದೇ ಒಂದು ಕಂಡರೂ ‘ನಿಲ್ಸಿ’ ಎಂದರೆ ಸಾಕು, ಪಂಪ್ ನಿಲ್ಲಬೇಕು. ವಿಚಾರಣೆ ಆಮೇಲೆ. ಮೊದಲ ಸಲ ಯಾರಾದರೂ ಸುಮ್ಮನೆ ಅನುಮಾನಕ್ಕೆ ನಿಲ್ಲಿಸಿ, ನೋಡಿದರೆ ಎಲ್ಲ ಸರಿಯಿತ್ತು ಎನ್ನೋಣ. ಆಗ ನಿಮ್ಮ ಮುಖವನ್ನು ಇಡೀ ಸೈಟ್ ನೋಡುತ್ತಿರುತ್ತದೆ. ‘ಸುಮ್ನೆ ಟೈಮ್ ವೇಸ್ಟ್ ಮಾಡ್ದೆ’ ಎಂದಿರೋ, ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಎಲ್ಲರೆದುರಿಗೇ ಅವನಿಗೆ ಥ್ಯಾಂಕ್ಸ್ ಹೇಳಿ ಕೆಲಸ ಮುಂದುವರಿಸಿ.

ಕೇಳುವ ರೀತಿಯನ್ನೂ ಬದಲಿಸಿ. ‘ಎಲ್ಲಾ ಸರಿ ಇದ್ಯಾ?’ ಎಂದರೆ ‘ಹ್ಞೂಂ ಸಾರ್’ ಎಂದೇ ಬರುತ್ತದೆ. ‘ಈ ಮೂಲೆಯಲ್ಲಿ ಯಾವ ಜಾಕ್ ಮೇಲೆ ನಿನಗೆ ಅನುಮಾನ?’ ಎಂದು ಕೇಳಿ, ಕೈ ತೋರಿಸುವವರೆಗೂ ಕಾಯಿರಿ. ನಿಮ್ಮ ಅಭಿಪ್ರಾಯ ಕೊನೆಗಿರಲಿ. ನೀವು ಮೊದಲೇ ‘ಪರವಾಗಿಲ್ಲ ಅನ್ಸುತ್ತೆ’ ಎಂದುಬಿಟ್ಟರೆ ಹುಡುಗರು ಅದನ್ನೇ ತಿರುಗಿ ಹೇಳುತ್ತಾರೆ.

ಪ್ರಶ್ನೆ: ನಿನ್ನೆಯವರೆಗೆ ಜೊತೆಗೆ ಟೀ ಕುಡಿಯುತ್ತಿದ್ದವರು ಇಂದು ನನ್ನ ಕೈಕೆಳಗೆ. ರಜೆ, ಓಟಿ ವಿಷಯದಲ್ಲಿ ಮುಲಾಜಿಗೆ ಸಿಕ್ಕಿಕೊಳ್ಳುತ್ತಿದ್ದೇನೆ.
– ಓದುಗರು, ತುಮಕೂರು

ಉತ್ತರ: ಟೀ ಬಿಡಬೇಡಿ. ಓಟಿ, ಭಾನುವಾರದ ಡ್ಯೂಟಿ, ಹಬ್ಬದ ರಜೆ ಮೂರಕ್ಕೂ ಸರದಿಯ ಪಟ್ಟಿ ಮಾಡಿ ತಿಂಗಳ ಮೊದಲೇ ಗೋಡೆಗೆ ಅಂಟಿಸಿ, ಅದರಲ್ಲಿ ನಿಮ್ಮ ಹೆಸರೂ ಇರಲಿ. ಅದಲುಬದಲು ಬೇಕಾದವರು ತಾವೇ ಇನ್ನೊಬ್ಬರನ್ನು ಒಪ್ಪಿಸಿ, ಇಬ್ಬರೂ ಸಹಿ ಹಾಕಿ ತರಬೇಕು. ಮನೆಯಲ್ಲಿ ಕಾಯಿಲೆ, ಸಾವು ಎಂದು ಬಂದವರಿಗೆ ಮಾತ್ರ ಪಟ್ಟಿ ನೋಡದೆ ರಜೆ ಕೊಡಿ.