ಪುರಾಣದ ಪಾತ್ರಗಳನ್ನು ಕುರಿತು ವಿಶ್ಲೇಷಿಸಿ ಬರೆಯುವುದನ್ನು ಮಕ್ಕಳಿಗೆ ಹೇಗೆ ಕಲಿಸುವುದು?

ಮಹಾಭಾರತದ ಯಾವ ಪ್ರಸಂಗವನ್ನು ಕೊಟ್ಟರೂ ನಿಮ್ಮ ಪ್ರೌಢಶಾಲೆಯ ಮಕ್ಕಳು ಅದರ ಕಥೆಯನ್ನೇ ತಿರುಗಿ ಬರೆದುಕೊಡುತ್ತಾರೆ, ವಿಶ್ಲೇಷಣೆ ಬರುವುದೇ ಇಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಪ್ರೌಢಶಾಲೆ ಮುಗಿಸಿದ ಮಕ್ಕಳೇ ನನ್ನ ಮುಂದೆ ಕೂರುವುದರಿಂದ ಈ ತೊಂದರೆ ನನಗೂ ಪರಿಚಿತ. ‘ಕರ್ಣನ ಪಾತ್ರವನ್ನು ವಿಮರ್ಶಿಸಿ’ ಎಂದು ಕೇಳಿದರೆ ಒಂದೋ ಹುಟ್ಟಿನಿಂದ ಸಾವಿನವರೆಗಿನ ಕಥೆ ಬರುತ್ತದೆ, ಇಲ್ಲವೇ ಗೈಡಿನಲ್ಲಿರುವ ದಾನಶೂರ, ಸ್ವಾಮಿನಿಷ್ಠ, ಛಲವಂತ ಎಂಬ ವಿಶೇಷಣಗಳ ಪಟ್ಟಿ ಬರುತ್ತದೆ. ಅದರ ಬದಲು ಒಂದೇ ಸನ್ನಿವೇಶವನ್ನು ಬೇರೆ ಬೇರೆ ಕವಿಗಳು ಹೇಗೆ ಕಟ್ಟಿದ್ದಾರೆ ಎಂದು ಕೇಳಿ ನೋಡಿ. ಕಥೆ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ಆದ್ದರಿಂದ, ಕಥೆ ಹೇಳಿ ಜಾರಿಕೊಳ್ಳಲು ದಾರಿಯೇ ಇರುವುದಿಲ್ಲ.

ಸಂಧಾನ ಮುರಿದುಬಿದ್ದ ಮೇಲೆ ಕೃಷ್ಣ ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸುವ ಸನ್ನಿವೇಶವನ್ನೇ ತೆಗೆದುಕೊಳ್ಳಿ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕರ್ಣ ಬೆಚ್ಚಿಬೀಳುವುದಿಲ್ಲ. ಅದೆಲ್ಲ ತನಗೆ ತಿಳಿದಿದೆ ಎಂದು, ಸಾಕಿದ ರಾಧೆ ಮತ್ತು ಅಧಿರಥರನ್ನೂ ದುರ್ಯೋಧನನ ಆಶ್ರಯವನ್ನೂ ನೆನೆದು, ಈ ಗುಟ್ಟು ಯುಧಿಷ್ಠಿರನಿಗೆ ತಿಳಿಯದಿರಲಿ ಎಂದು ಕೇಳಿಕೊಳ್ಳುತ್ತಾನೆ. 10ನೇ ಶತಮಾನದ ಪಂಪನಲ್ಲಿ ಕರ್ಣ ಒಂದು ಹಳೆಯ ಘಟನೆಯನ್ನು ಮುಂದಿಡುತ್ತಾನೆ: ತನ್ನೊಡನೆ ಆಡಿದ ನೆತ್ತದಲ್ಲಿ (ಪಗಡೆಯಾಟದಲ್ಲಿ) ದುರ್ಯೋಧನನ ಹೆಂಡತಿ ಭಾನುಮತಿ ಸೋತಾಗ, ಪಣಕ್ಕಾಗಿ ಕಾಡುವ ಭರದಲ್ಲಿ ಅವಳ ಮುತ್ತಿನ ಹಾರ ಹರಿಯಿತು, ದುರ್ಯೋಧನ ಚೆಲ್ಲಿದ ಮುತ್ತುಗಳನ್ನಷ್ಟೇ ನೋಡಿ, ಬೇಸರವಿಲ್ಲದೆ, ಇವನ್ನು ಆಯಲೇ ಎಂದ. ಅಂಥ ದೊರೆಯನ್ನು ಬಿಟ್ಟು ನಿಮ್ಮನ್ನು ಸೇರಲೇ ಎಂಬುದು ಅವನ ಪ್ರಶ್ನೆ. ಕುಮಾರವ್ಯಾಸನ ಕರ್ಣನಾದರೋ ಮೊದಲು ಮಾತನ್ನೇ ಆಡಲಾರ. ಕೊರಳ ಸೆರೆ (ನರ) ಹಿಗ್ಗುತ್ತದೆ, ಕಣ್ಣೀರು ಉಕ್ಕುತ್ತದೆ, ಕುರುಪತಿಗೆ ಕೇಡಾಯಿತಲ್ಲಾ ಎಂದು ಮನಸ್ಸಿನಲ್ಲೇ ನೋಯುತ್ತಾನೆ. ಆಮೇಲೆ ‘ಕೌರವೇಂದ್ರನ ಕೊಂದೆ ನೀನು’ ಎನ್ನುತ್ತಾನೆ.

ಇವುಗಳನ್ನು ಗದ್ಯಾನುವಾದದೊಡನೆ ಒಂದೇ ಹಾಳೆಯಲ್ಲಿ ಕೊಟ್ಟು, ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಗೆರೆ ಎಳೆಯಿರಿ ಎನ್ನುತ್ತೇನೆ. ತನ್ನವರು ಯಾರೆಂದು ತಿಳಿದ ಗಳಿಗೆಯಲ್ಲೂ ಕರ್ಣ ಅಳುವುದು ತನಗಾಗಿ ಅಲ್ಲ, ದುರ್ಯೋಧನನಿಗಾಗಿ ಎಂಬುದನ್ನು ಯಾರಾದರೊಬ್ಬರು ಗುರುತಿಸಿಯೇ ಗುರುತಿಸುತ್ತಾರೆ. ಹಾಗಾದರೆ ಕೃಷ್ಣ ಕೊಂದದ್ದು ಹೇಗೆ, ಅವನು ಬಾಣ ಬಿಟ್ಟನೇ ಎಂದು ಕೆಣಕಿದರೆ, ಎದುರಿಗಿರುವವರು ತಮ್ಮಂದಿರೆಂದು ತಿಳಿದ ಮೇಲೆ ಕರ್ಣ ಮೊದಲಿನ ಮನಸ್ಸಿನಿಂದ ಯುದ್ಧ ಮಾಡಲಾರ ಎಂಬ ಉತ್ತರ ತರಗತಿಯಿಂದಲೇ ಬರುತ್ತದೆ. ವಿಶ್ಲೇಷಣೆ ಎಂದು ನೀವು ಕೇಳುತ್ತಿರುವುದು ಇದನ್ನೇ.

ಬರವಣಿಗೆಗೆ ನಾನು ವಿಧಿಸುವ ನಿಯಮ ಒಂದೇ: ಮೊದಲ ವಾಕ್ಯ ಇನ್ನೊಬ್ಬರು ಒಪ್ಪದಿರಲು ಸಾಧ್ಯವಿರುವಂಥದ್ದಾಗಿರಬೇಕು. ‘ಕರ್ಣನು ಸ್ವಾಮಿನಿಷ್ಠನು’ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ, ಆದ್ದರಿಂದ ಮುಂದೆ ಬರೆಯಲು ಏನೂ ಉಳಿಯುವುದಿಲ್ಲ. ‘ಪಂಪನ ಕರ್ಣನನ್ನು ಕಟ್ಟಿಹಾಕಿರುವುದು ಅನ್ನದ ಋಣಕ್ಕಿಂತ ಹೆಚ್ಚಾಗಿ ದೊರೆ ತನ್ನ ಮೇಲಿಟ್ಟ ನಂಬಿಕೆ’ ಎಂದು ಬರೆದವನು ಮುತ್ತಿನ ಪ್ರಸಂಗವನ್ನು ತಂದು, ಅದು ತನ್ನ ಮಾತಿಗೆ ಹೇಗೆ ಆಧಾರವಾಗುತ್ತದೆ ಎಂದು ವಿವರಿಸಲೇಬೇಕಾಗುತ್ತದೆ. ಅಂಕ ಕೊಡುವಾಗಲೂ ಈ ವಿವರಣೆಗೇ ಹೆಚ್ಚು ಕೊಡಿ, ಇಲ್ಲದಿದ್ದರೆ ಮಕ್ಕಳು ಉದ್ಧರಣೆಯನ್ನು ತಂದು ಅಂಟಿಸಿ ಸುಮ್ಮನಾಗುತ್ತಾರೆ.

ಬರೆಯಲು ಕೂರಿಸುವ ಮೊದಲು ಮಾತನಾಡಿಸುವುದೂ ಒಳ್ಳೆಯದು. ಯಕ್ಷಗಾನದ ಮಾತಿನ ರೂಪವಾದ ಕರಾವಳಿಯ ತಾಳಮದ್ದಳೆಯಲ್ಲಿ ‘ಕರ್ಣಭೇದನ’ ಎಂಬ ಪ್ರಸಂಗವೇ ಇದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು (ಪಾತ್ರಗಳ ಮಾತನಾಡುವವರು) ಕುಳಿತಲ್ಲಿಯೇ ತಮ್ಮ ಪಾತ್ರವನ್ನು ವಾದದಿಂದ ಸಮರ್ಥಿಸಿಕೊಳ್ಳಬೇಕು. ಇಬ್ಬರು ಮಕ್ಕಳನ್ನು ಕೃಷ್ಣ ಮತ್ತು ಕರ್ಣರಾಗಿ ಎದುರುಬದುರು ಕೂರಿಸಿದರೆ, ಹಾಳೆಯ ಮುಂದೆ ಹೊಳೆಯದ ತರ್ಕ ಬಾಯಿಮಾತಿನಲ್ಲಿ ತಾನಾಗಿ ಬರುತ್ತದೆ. (ಗದ್ದಲವಾಗುತ್ತದೆ, ಪಕ್ಕದ ತರಗತಿಯವರಿಗೆ ಮೊದಲೇ ಹೇಳಿಡಿ.)

ದೇವರನ್ನು ಪ್ರಶ್ನಿಸಿದಂತಾಗುತ್ತದೆ ಎಂದು ಕೃಷ್ಣನ ತಂತ್ರದ ಬಗ್ಗೆ ಬರೆಯಲು ಹಿಂಜರಿಯುವ ಮಕ್ಕಳೂ ಇರುತ್ತಾರೆ. ಅವರನ್ನು ಗದರಿಸಬೇಡಿ, ನಂಬಿಕೆಯ ಬಗ್ಗೆ ವಾದಕ್ಕೂ ಇಳಿಯಬೇಡಿ. ‘ಕೊಂದೆ ನೀನು’ ಎಂಬ ಆಪಾದನೆಯನ್ನು ಕೃಷ್ಣನ ಮುಖಕ್ಕೇ ಆಡಿಸಿದವನು ಗದುಗಿನ ವೀರನಾರಾಯಣನ ಭಕ್ತನಾದ ಕುಮಾರವ್ಯಾಸನೇ ಎಂದು ತಿಳಿಸಿ, ಅವನು ಹಾಗೇಕೆ ಬರೆದಿರಬಹುದು ಎಂಬುದನ್ನೇ ಅವರಿಗೆ ಪ್ರಶ್ನೆಯಾಗಿ ಕೊಡಿ.